ಸಾಯದ ಪಾರಿವಾಳದ ಸಾವು

ಲೋಥಾರ್ ಗಾವ್ಲಿಕ್ ಕೂತಲ್ಲಿ ಕೂರುವ ಮನುಷ್ಯನಲ್ಲ. ಊಟದ ಮೇಜು, ಕಾರಿನ ಸ್ಟಿಯರಿಂಗು, ಹಲ್ಲಿನ ಡಾಕ್ಟರ ಕುರ್ಚಿಯ ತೋಳು, ಏನು ಸಿಕ್ಕರೂ ಬೆರಳಲ್ಲಿ ಬಾರಿಸುತ್ತಾನೆ. ನಿದ್ದೆಯಲ್ಲೂ ಇವನ ಕಾಲು ತಾಳ ಹಾಕುತ್ತದೆ ಎಂದು ಹೆಂಡತಿ ರೋಸ್ವಿಟಾ ಬಂದವರೆದುರು ಹೇಳಿ ನಗುತ್ತಾಳೆ. ಹದಿನಾರಕ್ಕೆ ಕಲ್ಲಿದ್ದಲ ಗಣಿಗೆ ಇಳಿದು ಹದಿನೆಂಟಕ್ಕೆ ಡ್ರಮ್ಮು ಹಿಡಿದವನಿಗೆ ಈಗ ಅರವತ್ತನಾಲ್ಕು. ಆದರೆ ಈ ಏಪ್ರಿಲ್‌ನಿಂದ ಅವನನ್ನು ಹಿಡಿದ ಚಡಪಡಿಕೆ ತಾಳದ್ದಾಗಿರಲಿಲ್ಲ. ಬೆಳಿಗ್ಗೆ ಬ್ರೆಡ್ಡು ತರಲು ಹೋದವನು ಮೂರು ಬೀದಿ ಸುತ್ತಿ ಬರಿಗೈಯಲ್ಲಿ ಬರುತ್ತಿದ್ದ. ಹೂದೋಟದ ಬೇಲಿಗೆ ಅರ್ಧ ಬಣ್ಣ ಬಳಿದು ಕುಂಚವನ್ನು ಹುಲ್ಲಿನ ಮೇಲೇ ಬಿಟ್ಟು ಸೈಕಲ್ ಹತ್ತುತ್ತಿದ್ದ.

ಅವನ ತಂಡದ ಹೆಸರು ‘ಏಳನೇ ತಳ’. ಜರ್ಮನಿಯ ಗ್ಲಾಡ್‌ಬೆಕ್ಕಿನ ಗಣಿ ಕಾಲೊನಿಯಲ್ಲಿ ಹುಟ್ಟಿದ ಹೆವಿ ಮೆಟಲ್ ತಂಡ. ಹಾಡುವವನು ಡೀಟ್ಮಾರ್ ಸೊಬೋಟ್ಟಾ, ಗಿಟಾರಿಗೆ ತುರ್ಕಿಯಿಂದ ಬಂದವರ ಮಗ ತೆಕಿನ್, ಡ್ರಮ್ಮಿಗೆ ಇವನು. ಮೂವರೂ ಒಂದೇ ಪಾಳಿಯಲ್ಲಿ ಒಂದೇ ಲಿಫ್ಟಿನ ಪಂಜರದಲ್ಲಿ ಕೆಳಗಿಳಿದವರು. ಬೇಸ್ ಗಿಟಾರಿಗೆ ಮಾತ್ರ ಕಾಲಕಾಲಕ್ಕೆ ಒಬ್ಬೊಬ್ಬರು ಬಂದು ಹೋದರು. ಈ ತಂಡದ ಬಗ್ಗೆ ಜನ ನಂಬಿಕೊಂಡಿರುವುದನ್ನೆಲ್ಲ ಗುಡ್ಡೆ ಹಾಕಿದರೆ ಊರ ಹೊರಗಿನ ಗಣಿಮಣ್ಣಿನ ದಿಬ್ಬವೂ ಗಿಡ್ಡವೇ. ಏಳನೇ ತಳವೆಂದರೆ ನರಕದ ತಳ ಎಂದರು. ಅದು ಅವರ ಗಣಿಯ ಅತಿ ಕೆಳಗಿನ ಅಂತಸ್ತು, ಅಲ್ಲಿ ದೆವ್ವ ಇರಲಿಲ್ಲ, ವಿಪರೀತ ಸೆಕೆ ಇತ್ತು. ಮೊದಲ ಗಾನತಟ್ಟೆಯ ಮುಖಪುಟದಲ್ಲಿ ಎರಡು ಸುತ್ತಿಗೆ ತಲೆಕೆಳಗಾಗಿವೆಯಲ್ಲ, ಅದು ಸೈತಾನನ ಮುದ್ರೆ ಎಂದು ಪಾದ್ರಿಯೊಬ್ಬರು ಭಾಷಣವನ್ನೇ ಮಾಡಿದರು. ಗಣಿ ಮುಚ್ಚಿದರೆ ನಕಾಶೆಯಲ್ಲಿ ಸುತ್ತಿಗೆಯ ಗುರುತನ್ನು ಹಾಗೇ ತಲೆಕೆಳಗು ಬರೆಯುವುದು, ಆ ವರ್ಷ ಅವರ ಗಣಿ ಮುಚ್ಚಿತ್ತು, ಅಷ್ಟೇ. ಒಂದು ಹಾಡಿನ ಆರಂಭದಲ್ಲಿ ಗುಡುಗುವ ದನಿ ಸರ್ವಾಧಿಕಾರಿಯ ಭಾಷಣವಂತೆ. ಅದು ಪಾಳಿಯ ಮೇಸ್ತ್ರಿ ಯಾರದೋ ಊಟದ ಡಬ್ಬಿ ಹಳಿಯ ಮೇಲಿದ್ದದ್ದಕ್ಕೆ ಬೈದದ್ದು, ತೆಕಿನ್ ಕದ್ದು ಕ್ಯಾಸೆಟ್ಟಿಗೆ ಹಾಕಿಕೊಂಡಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ತೊಂಬತ್ತೆರಡರಲ್ಲಿ ತಲೆ ಬೋಳಿಸಿಕೊಂಡ ಹತ್ತಿಪ್ಪತ್ತು ಹುಡುಗರು ಇವರು ನಮ್ಮವರೇ ಎಂದುಕೊಂಡು ಬಂದು ಮುಂದಿನ ಸಾಲಲ್ಲಿ ನಿಂತು ನಾಜಿ ಸಲಾಮಿಗೆ ಕೈ ಚಾಚಿದ್ದರು. ಡೀಟ್ಮಾರ್ ಹಾಡು ನಿಲ್ಲಿಸಿದ. ನಾನು ಈ ತೆಕಿನ್ ಜೊತೆ ಸಾವಿರ ಮೀಟರ್ ಕೆಳಗೆ ಇಳಿದಿದ್ದೇನೆ, ನೀವು ಆ ಹತ್ತು ಮೆಟ್ಟಿಲು ಇಳಿದು ಹೋದರೆ ಸಾಕು ಎಂದು ಮೈಕಿನಲ್ಲೇ ಹೇಳಿದ. ಅವರು ಹೋಗುವವರೆಗೆ ಮುಂದಿನ ಹಾಡು ಶುರುವಾಗಲಿಲ್ಲ. ಆ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಬಂದದ್ದು ಪಾರಿವಾಳದ ಸುದ್ದಿ. ‘ಏಳನೇ ತಳ’ ಎಂದರೆ ಇವತ್ತಿಗೂ ಜನಕ್ಕೆ ಮೊದಲು ನೆನಪಾಗುವುದು ಅದೇ: ವೇದಿಕೆಯ ಮೇಲೆ ಜೀವಂತ ಪಾರಿವಾಳದ ತಲೆ ಕಚ್ಚಿ ಉಗುಳಿದವನು ಇವರ ಹಾಡುಗಾರ.

ಆದದ್ದು ಇಷ್ಟು. ಎಂಬತ್ತಾರರ ನವೆಂಬರ್‌ನಲ್ಲಿ ಚರ್ಚಿನ ಯುವಕರ ಹಾಲ್‌ನಲ್ಲಿ ಕಚೇರಿ ಇತ್ತು. ಬಂದವರು ನಲವತ್ತು ಜನ, ಅವರಲ್ಲಿ ಅರ್ಧ ನೆಂಟರು. ಡೀಟ್ಮಾರನಿಗೆ ತಂದೆಯ ಕಾಲದಿಂದ ಬಂದ ಪಾರಿವಾಳದ ಹುಚ್ಚು. ದೂರದಿಂದ ಮನೆಗೆ ಹಾರಿ ಬರುವ ಪಂದ್ಯದಲ್ಲಿ ಮರಳದೇ ಹೋದ ಹಕ್ಕಿಯೊಂದರ ಮೇಲೆ ತಾನೇ ಕಟ್ಟಿದ ಹಾಡನ್ನು ಅವತ್ತು ಹಾಡಿದ. ಕೊನೆಯ ಸಾಲಿಗೆ ಜಾಕೆಟ್ಟಿನ ಒಳಗಿಂದ ತನ್ನ ನೀಲಿ ಹೆಣ್ಣುಹಕ್ಕಿಯನ್ನು ತೆಗೆದು ಕೆಂಪು ದೀಪಕ್ಕೆ ಎತ್ತಿ ಹಿಡಿದ. ಹೊಗೆಗೆ ಗಾಬರಿಯಾಗಿ ಅದು ರೆಕ್ಕೆ ಬಡಿಯಿತು, ಎರಡು ಗರಿ ಬಿದ್ದವು. ಅವನು ಅದರ ತಲೆಗೆ ಒಂದು ಮುತ್ತು ಕೊಟ್ಟು ಮತ್ತೆ ಒಳಗೆ ತುರುಕಿಕೊಂಡ. ಮನೆಗೆ ಹೋಗಿ ಅದಕ್ಕೆ ಜೋಳ ಹಾಕಿದ್ದನ್ನು ಲೋಥಾರ್ ಪಕ್ಕದಲ್ಲಿ ನಿಂತು ನೋಡಿದ್ದಾನೆ. ಆ ನಲವತ್ತು ಜನರಲ್ಲಿ ನಾನೂ ಒಬ್ಬ ಎನ್ನುವವರು ಈಗ ಊರಲ್ಲಿ ಆರುನೂರು ಮಂದಿ ಸಿಗುತ್ತಾರೆ.

ಮುಂದಿನ ವಸಂತದಲ್ಲಿ ಒಂದು ಸಂಗೀತ ಪತ್ರಿಕೆಯ ಹುಡುಗ ಬಂದ. ಡೀಟ್ಮಾರ್ ಗೂಡು ತೊಳೆಯುತ್ತಿದ್ದ. ಗೂಡಂಗಡಿಯ ಮುಂದೆ ಬಿಯರ್ ಹಿಡಿದು ಲೋಥಾರ್ ಒಬ್ಬನೇ ಸಿಕ್ಕ. ಗಣಿ ಮುಚ್ಚಿತ್ತು, ರೋಸ್ವಿಟಾ ಬಸುರಿ, ತಟ್ಟೆ ಯಾರೂ ಕೊಳ್ಳುತ್ತಿರಲಿಲ್ಲ. ಹುಡುಗ ಪುಸ್ತಕ ಮುಚ್ಚುತ್ತ, ವೇದಿಕೆಯ ಮೇಲೆ ಗರಿ ಬಿದ್ದಿತ್ತಂತಲ್ಲ, ಏನು ಕಥೆ ಎಂದು ಕೇಳಿದ. ಲೋಥಾರನ ಬಾಯಿಂದ ಬಂದೇಬಿಟ್ಟಿತು: ತಲೆ ಕಚ್ಚಿ ಉಗುಳಿದ, ಇನ್ನೇನು ಕಥೆ. ಮುಚ್ಚಿದ ಪುಸ್ತಕ ಮತ್ತೆ ತೆರೆಯಿತು. ನನ್ನ ಹೆಸರು ಬರೆಯಬೇಡ ಎಂದು ಲೋಥಾರ್ ಹೇಳಿದ, ಹುಡುಗ ಬರೆಯಲಿಲ್ಲ. ಪತ್ರಿಕೆಯಲ್ಲಿ ಹಕ್ಕಿ ಎತ್ತಿ ಹಿಡಿದ ಫೋಟೊ ಒಂದು ಪುಟ ತುಂಬ ಬಂತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮುಂದಿನ ಕಚೇರಿಗೆ ನಾನೂರು ಮಂದಿ ಬಂದರು, ಅದರ ಮುಂದಿನದಕ್ಕೆ ಸಾವಿರ. ಊರ ದಿನಪತ್ರಿಕೆಯೂ ಬರೆಯಿತು. ಜುಲೈನಲ್ಲಿ ಪಾರಿವಾಳದ ಸಂಘ ಸಭೆ ಸೇರಿ ಡೀಟ್ಮಾರನನ್ನು ಹೊರಗೆ ಹಾಕಿತು. ಹಕ್ಕಿ ಕೊಂದವನ ಹಕ್ಕಿ ನಮ್ಮ ಹಕ್ಕಿಗಳ ಜೊತೆ ಹಾರಬಾರದು ಎಂದು ಠರಾವು. ಡೀಟ್ಮಾರ್ ಮೊದಮೊದಲು ಸಿಕ್ಕಸಿಕ್ಕ ವರದಿಗಾರರಿಗೆಲ್ಲ ಸುಳ್ಳು ಸುಳ್ಳು ಎಂದು ಹೇಳಿದ, ಅವರು ಕಣ್ಣು ಹೊಡೆದು ನಕ್ಕರು. ಬೇಸಿಗೆ ಕಳೆಯುವಷ್ಟರಲ್ಲಿ ಸುಮ್ಮನಾದ. ಹೇಳಿ ಹೇಳಿ ದಣಿದ ಎಂದು ಲೋಥಾರ್ ತಿಳಿದ. ನಾಳೆ ಹೇಳುತ್ತೇನೆ, ಈ ಪ್ರವಾಸ ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೇ ಮೂವತ್ತೇಳು ವರ್ಷ ಹೋಯಿತು. ಮಾತು ಆಡಿದರೆ ಹೋಯಿತು ಎಂಬುದನ್ನು ಇವನಷ್ಟು ಚೆನ್ನಾಗಿ ಬಲ್ಲವರಿಲ್ಲ.

ಡೀಟ್ಮಾರ್ ಪಾರಿವಾಳ ಬಿಡಲಿಲ್ಲ. ಪಕ್ಕದೂರಿನವನೊಬ್ಬ ಗುಟ್ಟಾಗಿ ಕೊಟ್ಟ ಸಂಖ್ಯೆಯ ಉಂಗುರಗಳನ್ನು ಮರಿಗಳ ಕಾಲಿಗೆ ತೊಡಿಸಿದ. ಶನಿವಾರ ಸಂಘದ ಗಾಡಿ ಎಲ್ಲರ ಹಕ್ಕಿಗಳನ್ನು ಹೊತ್ತು ದಕ್ಷಿಣಕ್ಕೆ ಹೋದರೆ, ಇವನು ಒಬ್ಬನೇ ಬುಟ್ಟಿಗಳನ್ನು ಕಾರಿಗೆ ಹಾಕಿಕೊಂಡು ಹೆದ್ದಾರಿಯ ಪಕ್ಕದಲ್ಲಿ ಬಿಟ್ಟು, ಹಿಂದಿರುಗಿ ಕೈಗಡಿಯಾರ ನೋಡಿಕೊಂಡು ಕೂರುತ್ತಿದ್ದ. ಈಗ ಅದೂ ಇಲ್ಲ. ಗಣಿಯ ಧೂಳು ಅವನ ಶ್ವಾಸಕೋಶದಲ್ಲಿ ಕಲ್ಲಾಗಿದೆ. ಹಾಡಿ ಮೂರು ವರ್ಷವಾಯಿತು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಗೂಡಿನ ಕೆಳಗೆ ಕುರ್ಚಿಯಲ್ಲಿ ಕೂತಿರುತ್ತಾನೆ, ಏಣಿ ಹತ್ತುವುದು ಲೋಥಾರ್. ಈ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಅವನ ಮುಖಕ್ಕೇ ಹೇಳಿದ್ದರು. ಆ ಏಪ್ರಿಲ್ ದಿನ ಲೋಥಾರ್ ಕಾಳಿನ ಮೂಟೆ ಇಳಿಸುತ್ತಿದ್ದಾಗ ಡೀಟ್ಮಾರ್ ಉಸಿರು ಕೂಡಿಸಿಕೊಂಡು ಮಾತಾಡಿದ.

“ನಂಗೇನೂ ಬೇಡ ಕಣೋ. ಒಂದೇ ಒಂದ್ಸಲ ನನ್ನ ನೀಲಿಗಳು ಎಲ್ಲರ ಹಕ್ಕಿ ಜೊತೆ ಆ ಗಾಡಿ ಹತ್ತಬೇಕು. ಒಬ್ಬನೇ ಓಡಿ ಒಬ್ಬನೇ ಗೆದ್ದು ಸಾಕಾಗಿದೆ.”

ಲೋಥಾರ್ ಮೂಟೆ ಅಲ್ಲೇ ಬಿಟ್ಟು ಮನೆಗೆ ಬಂದ. ಚಡಪಡಿಕೆ ಶುರುವಾದದ್ದು ಅಂದಿನಿಂದ. ಆರು ವಾರ ಆ ಬೇಲಿಗೆ ಉಳಿದರ್ಧ ಬಣ್ಣ ಬೀಳಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತಿದ್ದ ರೋಸ್ವಿಟಾಳ ಎದುರು ಎಲ್ಲವನ್ನೂ ಹೇಳಿದ. ಅವಳು ಚಾಕು ಕೆಳಗಿಡದೆ ಕೇಳಿಸಿಕೊಂಡಳು. ಆ ಗಲಾಟೆಯ ದುಡ್ಡಲ್ಲೇ ತನ್ನ ಮಗುವಿನ ತೊಟ್ಟಿಲು ಬಂದದ್ದು ಎಂಬುದು ಅವಳಿಗೂ ಆ ಹೊತ್ತಿಗೆ ಹೊಳೆದಿರಬೇಕು.

“ನನ್ನತ್ರ ಹೇಳಿ ಏನು ಬಂತು?” ಎಂದಳು. “ನಾನೇನು ಪಾರಿವಾಳ ಸಾಕ್ತೀನಾ? ಹೇಳಬೇಕಾದವರ ಹತ್ರ ಹೋಗಿ ಹೇಳು. ಇನ್ನೂ ಸುತ್ತಾಡ್ತಾ ಇದ್ರೆ ಅವನ ಗೋರಿಗೆ ಹೇಳಬೇಕಾಗುತ್ತೆ.”

ಹೇಳಬೇಕಾದವರು ಇಬ್ಬರಿದ್ದರು, ಡೀಟ್ಮಾರ್ ಮತ್ತು ಸಂಘ. ಲೋಥಾರ್ ಮೊದಲು ಸಂಘವನ್ನು ಆರಿಸಿಕೊಂಡ. ಗೆಳೆಯನೊಬ್ಬನ ಎದುರು ಹೇಳುವುದಕ್ಕಿಂತ ಹದಿನಾಲ್ಕು ಅಪರಿಚಿತರ ಎದುರು ಹೇಳುವುದು ಸುಲಭ. ಹೇಡಿತನವೇ, ಆದರೆ ಮೂವತ್ತೇಳು ವರ್ಷದ ಹೇಡಿತನದ ಮುಂದೆ ಇದು ಚಿಕ್ಕದು.

ಸಂಘದ ಸಭೆ ಜೂನ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಯಾವಾಗಿನಂತೆ ಮೂಲೆಯ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಅಧ್ಯಕ್ಷೆ ಮಾರೈಕೆ, ಶಾಲೆಯ ಬಸ್ಸು ಓಡಿಸುವವಳು, ಡೀಟ್ಮಾರ್ ಹೊರಬಿದ್ದಾಗ ಅವಳು ತೊಟ್ಟಿಲಲ್ಲಿದ್ದಳು. ಕಾರ್ಯದರ್ಶಿ ಎಗೋನ್ ಹೆಲ್ಮಿಶ್ ಮಾತ್ರ ಅಂದಿನಿಂದ ಇಂದಿನವರೆಗೆ ಅವನೇ, ಎಂಬತ್ತೆರಡಾದರೂ ಕಡತದ ಬೀರುವಿನ ಕೀಲಿ ಬಿಟ್ಟುಕೊಟ್ಟವನಲ್ಲ. ಲೋಥಾರ್ ಎದ್ದು ನಿಂತ. ಕೈಯಲ್ಲಿ ಆ ಹಳೆಯ ಪತ್ರಿಕೆ. ಇದನ್ನು ಇಷ್ಟು ವರ್ಷ ಸಾಕ್ಸಿನ ಡ್ರಾಯರಿನಲ್ಲಿ ಇಟ್ಟಿದ್ದ. ತಾನು ಹುಡುಗನಿಗೆ ಏನು ಹೇಳಿದ್ದೆ, ಯಾಕೆ ಹೇಳಿದ್ದೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಡೀಟ್ಮಾರನನ್ನು ವಾಪಸು ಸೇರಿಸಿಕೊಳ್ಳಿ ಎಂದು ಕೇಳಿದ.

ಅವರು ಸಿಟ್ಟಾಗುತ್ತಾರೆ ಎಂದು ಅವನು ಸಿದ್ಧನಾಗಿ ಬಂದಿದ್ದ. ನಂಬುವುದಿಲ್ಲ ಎಂದುಕೊಂಡಿರಲಿಲ್ಲ. ಸಾಯುತ್ತಿರುವ ಗೆಳೆಯನಿಗಾಗಿ ಪಾಪ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ ಎಂದು ಒಬ್ಬ ಕನಿಕರಿಸಿದ. ನಮ್ಮ ಅಪ್ಪ ಅಲ್ಲಿದ್ದ, ಕಾಲಡಿಗೇ ತಲೆ ಬಿದ್ದಿತ್ತಂತೆ ಎಂದ ಇನ್ನೊಬ್ಬ. ಎಗೋನ್ ಬಿಯರಿನ ಲೋಟ ಬದಿಗೆ ಸರಿಸಿ ನಿಧಾನವಾಗಿ ಹೇಳಿದ.

“ಕೇಳಿದ ಮಾತಲ್ಲ ಗಾವ್ಲಿಕ್, ಕಣ್ಣಾರೆ ಕಂಡಿದ್ದೀನಿ. ರಕ್ತ ಅವನ ಗಡ್ಡದ ಮೇಲೆ ಇಳೀತಿತ್ತು.”

ಡೀಟ್ಮಾರನಿಗೆ ಆಗ ಗಡ್ಡವೇ ಇರಲಿಲ್ಲ. ಅದನ್ನು ಹೇಳಿದರೂ ಇಲ್ಲಿ ನಂಬುವವರಿರಲಿಲ್ಲ. ಇದ್ದದ್ದನ್ನು ತೋರಿಸಬಹುದು, ಆಗದೇ ಇದ್ದದ್ದನ್ನು ಯಾರು ಹೇಗೆ ತೋರಿಸುತ್ತಾರೆ? ಮೇಜಿನ ಅಂಚನ್ನು ಬೆರಳಲ್ಲಿ ಬಡಿಯುತ್ತ ನಿಂತುಬಿಟ್ಟ. ಹೊರಗೆ ಹೋಗಿಬಿಡೋಣ, ಇಲ್ಲಿ ಆಗದು, ಇನ್ನು ಎಲ್ಲೂ ಆಗದು ಎನಿಸಿತು.

ಆಗ ಮಾರೈಕೆ ಪಾರಿವಾಳದವರು ಮಾತ್ರ ಕೇಳುವ ಪ್ರಶ್ನೆಯನ್ನು ಕೇಳಿದಳು. “ಯಾವ ಹಕ್ಕಿ ಅದು? ಉಂಗುರ ಎಷ್ಟು?”

ಮರಿ ವಾರದ್ದಿರುವಾಗ ಕಾಲಿಗೆ ಹಾಕಿದ ಉಂಗುರ ಸಾಯುವವರೆಗೆ ಬಿಚ್ಚಲು ಬರುವುದಿಲ್ಲ. ಮನುಷ್ಯನ ಮಾತಿಗಿಂತ ಆ ಸಂಖ್ಯೆಯನ್ನು ನಂಬುವ ಜನ ಇವರು, ಆದರೂ ಇಷ್ಟು ವರ್ಷದಲ್ಲಿ ಒಬ್ಬನೂ ಅದನ್ನು ಕೇಳಿರಲಿಲ್ಲ. ಪತ್ರಿಕೆ ಮೇಜಿನ ಮೇಲೆ ತೆರೆದುಕೊಂಡಿತು. ಯಾರೋ ಜೇಬಿನಿಂದ ಭೂತಗನ್ನಡಿ ತೆಗೆದರು. ಹದಿನಾಲ್ಕು ತಲೆ ಒಂದರ ಮೇಲೊಂದು ಬಗ್ಗಿದವು. ಡೀಟ್ಮಾರನ ಹೆಬ್ಬೆರಳ ಪಕ್ಕದಲ್ಲಿ ಹಕ್ಕಿಯ ಕಾಲು, ಕಾಲಲ್ಲಿ ಉಂಗುರ: ಎಂಬತ್ತನಾಲ್ಕರ ಮರಿ, ಸಂಖ್ಯೆ ಮುನ್ನೂರ ಹದಿನಾರು.

ಮಾರೈಕೆ ಎಗೋನನ ಮುಂದೆ ಕೈ ಚಾಚಿ ಬೀರುವಿನ ಕೀಲಿ ಕೇಳಿದಳು. ಕೊಡಲು ಅವನು ಸ್ವಲ್ಪ ಹೊತ್ತು ತೆಗೆದುಕೊಂಡ. ಈ ಸಂಘ ಯಾವ ಕಾಗದವನ್ನೂ ಎಸೆದಿಲ್ಲ, ದೇವರ ದಯೆ. ಎಂಬತ್ತೇಳರ ಕಡತದಲ್ಲಿ ಮೇ ತಿಂಗಳ ಪಂದ್ಯದ ಪಟ್ಟಿ, ವ್ಯುರ್ಟ್ಸ್‌ಬುರ್ಗ್‌ನಿಂದ ಹಾರಿ ಮನೆಗೆ ಮರಳಿದ ಹಕ್ಕಿಗಳು. ಹದಿನಾಲ್ಕನೆಯದು ಸೊಬೋಟ್ಟಾ, ನೀಲಿ ಹೆಣ್ಣು, ಮುನ್ನೂರ ಹದಿನಾರು. ತಲೆ ಹೋದ ಆರು ತಿಂಗಳ ಮೇಲೆ ಇನ್ನೂರೆಂಬತ್ತು ಕಿಲೋಮೀಟರ್ ಹಾರಿ ಬಂದ ಹಕ್ಕಿ. ಪಟ್ಟಿಯ ಕೆಳಗೆ ರುಜು ಎಗೋನ್ ಹೆಲ್ಮಿಶ್‌ನದು, ಎರಡು ತಿಂಗಳ ನಂತರದ ಉಚ್ಚಾಟನೆಯ ಠರಾವಿನ ಕೆಳಗಿದ್ದದ್ದೂ ಅದೇ ರುಜು.

ಎಗೋನನೇ ಲೋಟ ನೋಡುತ್ತ ಗೊಣಗಿದ. “ಕೂದಲು ಭುಜಕ್ಕೆ ಬಿಟ್ಕೊಂಡು ಕಿರುಚೋರು ಸಂಘದಲ್ಲಿ ಬೇಡ ಅಂತ ಎಲ್ಲರೂ ಹೇಳ್ತಿದ್ರು. ನೆಪ ಇರಲಿಲ್ಲ. ಇವನೇ ತಂದುಕೊಟ್ಟ.”

ಇವನು ಎಂದರೆ ಲೋಥಾರ್. ಕೈ ಎತ್ತಿಸಿದಾಗ ಹನ್ನೊಂದು ಪರ, ಎರಡು ವಿರುದ್ಧ, ಎಗೋನನ ಕೈ ಮೇಜಿನ ಮೇಲೇ ಇತ್ತು. ಡೀಟ್ಮಾರ್ ಸೊಬೋಟ್ಟಾ ಮತ್ತೆ ಸದಸ್ಯನಾದ. ಹಕ್ಕಿಗಳಿಗೆ ಲಸಿಕೆಯ ಚೀಟಿ ಇದ್ದರೆ ಬರುವ ಶುಕ್ರವಾರ ಸಂಜೆ ಆರಕ್ಕೆ ಬುಟ್ಟಿ ತರಬಹುದು ಎಂದು ಮಾರೈಕೆ ಹೇಳಿದಳು.

ಲೋಥಾರ್ ಸೈಕಲ್ ತುಳಿದುಕೊಂಡು ನೇರ ಡೀಟ್ಮಾರನಲ್ಲಿಗೆ ಹೋದ. ದಾರಿಯುದ್ದಕ್ಕೂ ಎರಡು ಮನಸ್ಸು ಕಿತ್ತಾಡುತ್ತಿದ್ದವು. ಉಂಗುರದ ಕಥೆಯಷ್ಟೇ ಹೇಳಿದರೆ ಸಾಲದೇ? ಪಟ್ಟಿ ಸಿಕ್ಕಿತು, ಎಗೋನನ ಬಣ್ಣ ಬಯಲಾಯಿತು, ಮುಗಿಯಿತು. ಆದರೆ ಹದಿನಾಲ್ಕು ಬಾಯಿಗಳಿಗೆ ಬೀಗ ಹಾಕುವವರಾರು, ಸಂಜೆಯೊಳಗೆ ಯಾರಾದರೂ ಬಂದು ಉಳಿದದ್ದನ್ನು ಹೇಳಿಯೇ ಹೇಳುತ್ತಾರೆ. ಗೇಟಿಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಸುದ್ದಿ ಕೇಳಿ ಡೀಟ್ಮಾರನ ಮುಖ ಎಷ್ಟು ಅರಳಿತೆಂದರೆ ಲೋಥಾರನಿಗೆ ನೋಡಲಾಗಲಿಲ್ಲ. ಯಾವ ಯಾವ ಹಕ್ಕಿ ಕಳಿಸುವುದು ಎಂದು ಅವನು ಆಗಲೇ ಬೆರಳು ಮಡಿಸತೊಡಗಿದ್ದ. ಮೂರನೇ ಬೆರಳಿಗೆ ನಿಲ್ಲಿಸಿ, ಅದು ಹೇಗೋ ಒಪ್ಪಿದರು ಆ ಮುದುಕರು ಎಂದು ಕೇಳಿದ. ಲೋಥಾರ್ ನಿಂತುಕೊಂಡೇ ಹೇಳಿದ. ಗೂಡಂಗಡಿ, ಬಿಯರು, ಹುಡುಗ, ಆಡಿದ ಮಾತು, ಹೆಸರು ಬರೆಯಬೇಡ ಎಂದದ್ದು. ಎಗೋನನ ರುಜುವಿನ ವಿಷಯವನ್ನು ಕೊನೆಗೆ ಸೇರಿಸಿದ, ಅದರಿಂದ ತನ್ನ ಭಾರ ಸ್ವಲ್ಪ ಇಳಿದೀತು ಎಂಬ ಆಸೆಯಿಂದ.

ಡೀಟ್ಮಾರ್ ಮಡಿಸಿದ ಬೆರಳುಗಳನ್ನು ಬಿಚ್ಚಿದ. ಮೇಲೆ ಗೂಡಿನಲ್ಲಿ ಹಕ್ಕಿಗಳು ಗುಟುರು ಹಾಕುತ್ತಿದ್ದವು.

“ಆ ಪಟ್ಟಿ ನನ್ನ ಹತ್ರಾನೂ ಇದೆ,” ಎಂದ. “ಅವತ್ತಿಂದ ಇದೆ.”

“ಮತ್ತೆ ಯಾಕೋ ತೋರಿಸಲಿಲ್ಲ?”

“ಸಂಘಕ್ಕೆ ತೋರಿಸಿದ್ರೆ ಪತ್ರಿಕೆಗೆ ಹೋಗೋದು. ಆಗ ಸಾವಿರ ಜನ ಬರ್ತಿದ್ರು. ಗಣಿ ಇಲ್ಲ, ತೆಕಿನ್ ಮನೇಲಿ ಅವನ ತಮ್ಮಂದಿರು ನಾಲ್ಕು ಜನ, ನಿನ್ನ ರೋಸ್ವಿಟಾ ತುಂಬಿದ ಬಸುರಿ. ಯಾವನೋ ಪತ್ರಿಕೆ ಹುಡುಗ ಕಟ್ಟಿದ ಸುಳ್ಳು, ನಮ್ಮೋರಿಗೆ ಅನ್ನ ಹಾಕ್ತಿದೆ, ಹಾಕಲಿ ಅಂದ್ಕೊಂಡೆ.” ಅವನು ಕೆಮ್ಮಿದ, ಕೆಮ್ಮು ನಿಲ್ಲುವವರೆಗೆ ಲೋಥಾರ್ ಕಾದ. “ಎಗೋನಂದು ನಂಗೆ ಗೊತ್ತಿತ್ತು. ನಿಂದು ಗೊತ್ತಿರಲಿಲ್ಲ.”

ಅಷ್ಟೇ ಅವನು ಆಡಿದ್ದು. ಬೈದಿದ್ದರೆ, ಕೈಗೆ ಸಿಕ್ಕದ್ದು ಎಸೆದಿದ್ದರೆ ಲೋಥಾರ್ ತಡೆದುಕೊಳ್ಳುತ್ತಿದ್ದ. ಹೊರಗಿನವನ ಸುಳ್ಳನ್ನು ತಮ್ಮವರಿಗಾಗಿ ಹೊತ್ತೆ ಎಂಬ ಒಂದು ಸಮಾಧಾನ ಆ ಮನುಷ್ಯನಿಗಿತ್ತು. ತನ್ನ ಭಾರ ಇಳಿಸಿಕೊಳ್ಳುವ ಅವಸರದಲ್ಲಿ ಇವನು ಅದನ್ನೂ ಕಿತ್ತುಕೊಂಡಿದ್ದ. ಲೋಥಾರ್ ಸೈಕಲ್ ನೂಕಿಕೊಂಡು ಮನೆಗೆ ನಡೆದ.

ಐದು ದಿನ ಕರೆ ಬರಲಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಫೋನು ಬಂತು. “ಏಣಿ ಹತ್ತೋಕೆ ನಂಗಾಗಲ್ಲ,” ಎಂದು ಡೀಟ್ಮಾರ್ ಹೇಳಿ ಇಟ್ಟ. ಲೋಥಾರ್ ಹೋಗಿ ಅವನು ಕೈತೋರಿದ ಆರು ಹಕ್ಕಿಗಳನ್ನು ಬುಟ್ಟಿಗೆ ಹಾಕಿ ಸಂಘಕ್ಕೆ ಒಯ್ದ. ಎಗೋನ್ ತಲೆಯೆತ್ತದೆ ಒಂದೊಂದರ ಕಾಲಿನ ಸಂಖ್ಯೆ ಓದಿ ಬರೆದುಕೊಂಡ. ಗಾಡಿಯಲ್ಲಿ ಸಾವಿರದ ಮುನ್ನೂರು ಹಕ್ಕಿಗಳಿದ್ದವು, ಅವುಗಳ ನಡುವೆ ಆ ಆರೂ ಸೇರಿಹೋದವು.

ಶನಿವಾರ ಹತ್ತಕ್ಕೆ ಅವನು ಡೀಟ್ಮಾರನ ಅಂಗಳಕ್ಕೆ ಹೋದ. ಯಾರೂ ಕರೆದಿರಲಿಲ್ಲ. ಗೇಟು ದಾಟಿದವನು ಒಳಗೆ ಬರಲೋ ಹೊರಗೆ ಹೋಗಲೋ ತಿಳಿಯದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ. ಡೀಟ್ಮಾರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ದಕ್ಷಿಣದ ಆಕಾಶ ನೋಡುತ್ತಿದ್ದ.

“ಬಾ ಅಂತ ನಾನೇನೂ ಹೇಳಿಲ್ಲ,” ಎಂದ, ಕಣ್ಣು ಕೀಳದೆ. “ಬಂದಾಯ್ತಲ್ಲ, ಅಲ್ಲೇ ನಿಂತ್ಕೋ. ಅಲ್ಲಾಡಬೇಡ. ಅಂಗಳದಲ್ಲಿ ಯಾರಾದ್ರೂ ಅಲ್ಲಾಡಿದ್ರೆ ಹಕ್ಕಿ ಇಳಿಯಲ್ಲ, ಗೂಡೊಳಗೆ ಹೋದ್ರೇನೇ ಲೆಕ್ಕ.”

ಹತ್ತೂ ಇಪ್ಪತ್ತಕ್ಕೆ ದಿಬ್ಬದ ಮೇಲಿಂದ ಒಂದು ಚುಕ್ಕೆ ಬಂತು. ಅದು ನೀಲಿಯಾಯಿತು, ಮನೆಯ ಮೇಲೆ ಒಂದು ಸುತ್ತು ಹಾಕಿತು, ಹೆಂಚಿನ ಮೇಲೆ ಕೂತು ಕತ್ತು ಓರೆ ಮಾಡಿ ಅಂಗಳದಲ್ಲಿ ನಿಂತವನನ್ನು ನೋಡಿತು. ಅಲ್ಲಿಂದ ಗೂಡಿನ ಬಾಗಿಲು ಎರಡು ಗೇಣು ದೂರ. ಡೀಟ್ಮಾರನ ಉಸಿರು ನಳಿಕೆಯಲ್ಲಿ ಸುಯ್ಯೆನ್ನುವುದೊಂದೇ ಕೇಳಿಸುತ್ತಿತ್ತು. ಲೋಥಾರ್ ಎರಡು ಕೈಗಳನ್ನೂ ತೊಡೆಗೆ ಒತ್ತಿಕೊಂಡು ನಿಂತಿದ್ದ, ಎಷ್ಟು ಹೊತ್ತು ಹೀಗೆ ಎಂದು ಅವನು ಕೇಳಲಿಲ್ಲ.